‘ಇವರಿಂದ’ ಎಂಬಲ್ಲಿ ಯಾರ ವಿಳಾಸ?

(ವೆಬ್ ಪ್ರೋಗ್ರಾಮಿಂಗ್ ಕಲಿಯುತ್ತಿರುವವರ ಎದುರು ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿಗೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ತುಂಬ ಹಿಂದೆ ಒಂದು ಸಣ್ಣ ಸಂಸ್ಥೆಯ ವೆಬ್‌ಸೈಟಿಗೆ ‘ನಮ್ಮನ್ನು ಸಂಪರ್ಕಿಸಿ’ ಅನ್ನುವ ಫಾರ್ಮ್ ಬರೆದುಕೊಟ್ಟಿದ್ದೆ. ಹೆಸರು, ಇಮೇಲ್, ವಿಷಯ, ಕೆಳಗೊಂದು ದೊಡ್ಡ ಚೌಕ, ಅದರ ಕೆಳಗೆ ‘ಕಳುಹಿಸಿ’ ಬಟನ್. ಒತ್ತಿದರೆ ಪಿಎಚ್‌ಪಿ ಭಾಷೆಯ ಮೇಲ್ ಫಂಕ್ಷನ್ ಓಡಿ ಸಂಸ್ಥೆಯ ಇನ್‌ಬಾಕ್ಸಿಗೆ ಪತ್ರ ಹೋಗಬೇಕು. ಫ್ರಮ್ ಹೆಡರಿನಲ್ಲಿ, ಅಂದರೆ ಪತ್ರದ ತಲೆಯಲ್ಲಿರುವ ‘ಇವರಿಂದ’ ಅನ್ನುವ ಸಾಲಿನಲ್ಲಿ, ಏನು ಹಾಕಬೇಕು ಅಂತ ನಾನು ಯೋಚನೆಯನ್ನೇ ಮಾಡಲಿಲ್ಲ. ಪತ್ರ ಬರೆದವರು ಯಾರು? ಫಾರ್ಮ್ ತುಂಬಿದವರು. ಹಾಗಾದರೆ ಅವರ ವಿಳಾಸವೇ. ಒಂದು ಸಾಲು, ಮುಗಿಯಿತು. ಸಂಸ್ಥೆಯವರಿಗೂ ಖುಷಿ, ಯಾಕೆಂದರೆ ರಿಪ್ಲೈ ಒತ್ತಿದರೆ ಉತ್ತರ ನೇರ ಗ್ರಾಹಕರಿಗೇ ಹೋಗುತ್ತಿತ್ತು.

ವರ್ಷಗಟ್ಟಲೆ ಚೆನ್ನಾಗಿಯೇ ನಡೆಯಿತು. ಆಮೇಲೊಂದು ದಿನ ಫೋನ್ ಬಂತು. “ಸರ್, ಫಾರ್ಮ್ ಕೆಟ್ಟಿದೆ ನೋಡಿ. ಒಬ್ಬರು ಮೂರು ಸಲ ಬರೆದರಂತೆ, ಒಂದೂ ಬಂದಿಲ್ಲ.” ನನ್ನ ವಿಳಾಸ ಹಾಕಿ ಪರೀಕ್ಷೆ ಮಾಡಿದೆ. ತಕ್ಷಣ ಬಂತು. “ಕೆಟ್ಟಿಲ್ಲ ಬಿಡಿ, ಅವರೇ ಏನೋ ತಪ್ಪು ಒತ್ತಿರಬೇಕು” ಅಂದೆ. ಪ್ರೋಗ್ರಾಮರುಗಳ ಮೊದಲ ಉತ್ತರ ಯಾವಾಗಲೂ ಇದೇ, ನಿಮಗೂ ಗೊತ್ತಿರುತ್ತದೆ. ವಾರ ಬಿಟ್ಟು ಮತ್ತೆ ಫೋನ್. ಸ್ಪ್ಯಾಮ್ ಫೋಲ್ಡರ್ ತೆರೆಸಿ ನೋಡಿಸಿದೆ, ಅಲ್ಲೂ ಇಲ್ಲ. ಕೆಲವರದು ಬರುತ್ತದೆ, ಕೆಲವರದು ಮಾಯ.

ಕೊನೆಗೆ ಸರ್ವರಿಗೆ ಲಾಗಿನ್ ಆಗಿ, ಯಾರೂ ಯಾವತ್ತೂ ತೆರೆದಿರದ ಒಂದು ಫೈಲ್ ತೆರೆದೆ. ವೆಬ್ ಸರ್ವರ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೋ ಆ ಬಳಕೆದಾರನ ಅಂಚೆಪೆಟ್ಟಿಗೆ ಅದು. ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಆ ಬಳಕೆದಾರನ ಹೆಸರು ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’. ಮನುಷ್ಯನಲ್ಲ, ಬರೀ ಒಂದು ಖಾತೆ. ಅದರ ಪೆಟ್ಟಿಗೆಯನ್ನು ಓದುವವರು ಯಾರು? ಆದರೆ ಪೆಟ್ಟಿಗೆ ತುಂಬಿ ತುಳುಕುತ್ತಿತ್ತು. ಎಲ್ಲವೂ ವಾಪಸ್ಸಾದ ಪತ್ರಗಳು. ಒಂದೊಂದರಲ್ಲೂ 550 ಅನ್ನುವ ಸಂಖ್ಯೆ, ಅಂದರೆ ‘ತೆಗೆದುಕೊಳ್ಳುವುದಿಲ್ಲ’, ಪಕ್ಕದಲ್ಲಿ ‘ಡಿಮಾರ್ಕ್’ ಅನ್ನುವ ಪದ.

ಈ ಪತ್ರಗಳನ್ನು ಆ ಕಡೆಯವರು ಯಾಕೆ ತೆಗೆದುಕೊಳ್ಳಲಿಲ್ಲ, ಮತ್ತು ವಾಪಸ್ಸಾದವು ಹೋಗಿ ಹೋಗಿ ಆ ಅನಾಥ ಪೆಟ್ಟಿಗೆಗೇ ಯಾಕೆ ಬಿದ್ದವು? ಈ ಎರಡು ಪ್ರಶ್ನೆ ಬಿಡಿಸಿದರೆ ಇವತ್ತಿನ ವಿಷಯ ಮುಗಿದಂತೆ. ಎರಡರ ಬೇರೂ ಒಂದೇ. ಒಂದು ಇಮೇಲಿಗೆ ಕಳುಹಿಸಿದವರು ಇಬ್ಬರಿರುತ್ತಾರೆ. ನಾವು ಒಬ್ಬರನ್ನು ಮಾತ್ರ ನೋಡುತ್ತೇವೆ.

ಶಾಲೆಯಲ್ಲಿ ಪತ್ರಲೇಖನ ಕಲಿತದ್ದು ನೆನಪಿಸಿಕೊಳ್ಳಿ. ಕಾಗದದ ಮೇಲೆ ‘ಇವರಿಂದ’, ‘ಇವರಿಗೆ’, ‘ಮಾನ್ಯರೇ’. ಆ ಕಾಗದವನ್ನು ಮಡಿಸಿ ಲಕೋಟೆಗೆ ಹಾಕಿ, ಲಕೋಟೆಯ ಮೇಲೆ ಮತ್ತೊಮ್ಮೆ ವಿಳಾಸ ಬರೆಯುತ್ತೇವೆ. ಅಂಚೆಯವರು ಒಳಗಿನ ಕಾಗದ ಓದುವುದಿಲ್ಲ, ಲಕೋಟೆ ನೋಡಿ ಸಾಗಿಸುತ್ತಾರೆ. ವಿಳಾಸದಾರ ಸಿಗದಿದ್ದರೆ ಲಕೋಟೆಯ ಮೇಲಿನ ‘ಇಂದ’ ನೋಡಿ ಹಿಂದಿರುಗಿಸುತ್ತಾರೆ. ಇಮೇಲೂ ಅಕ್ಷರಶಃ ಹೀಗೇ. 1982ರ ಆಗಸ್ಟಿನಲ್ಲಿ, ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ಅನ್ನುವ ಸರಣಿಯಲ್ಲಿ ಎರಡು ದಾಖಲೆಗಳು ಹೊರಬಂದವು. ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 821 ಪತ್ರವನ್ನು ಸಾಗಿಸುವುದು ಹೇಗೆ ಅನ್ನುವುದನ್ನು ಹೇಳಿತು, ಅಂದರೆ ಲಕೋಟೆ. ಡೇವಿಡ್ ಕ್ರಾಕರ್ ಬರೆದ ಆರ್‌ಎಫ್‌ಸಿ 822 ಪತ್ರದ ಒಳಗೆ ಏನು ಹೇಗಿರಬೇಕು ಅನ್ನುವುದನ್ನು ಹೇಳಿತು, ಅಂದರೆ ಕಾಗದ. 2008ರಲ್ಲಿ ಇವು 5321, 5322 ಆಗಿ ಹೊಸದಾದವು. ಈ ಎರಡರ ನಡುವಿನ ಗೆರೆ ಮಾತ್ರ ಅಂದಿನಿಂದ ಹಾಗೇ ಉಳಿದಿದೆ.

ಒಂದು ಪತ್ರ ಹೋಗುವಾಗ ಎರಡು ಸರ್ವರುಗಳ ನಡುವೆ ನಡೆಯುವ ಮಾತುಕತೆಯನ್ನು ಒಮ್ಮೆ ಕಿವಿಗೊಟ್ಟು ಕೇಳೋಣ. ಪೋರ್ಟ್ 25ಕ್ಕೆ ಸೇರಿದ ಕೂಡಲೇ ಆ ಕಡೆಯದು 220 ಅನ್ನುತ್ತದೆ, ‘ಹೇಳಿ’ ಅನ್ನುವ ಹಾಗೆ. ಈ ಕಡೆಯದು ‘ಇಹೆಲೋ’ ಅಂದು ತನ್ನ ಹೆಸರು ಹೇಳುತ್ತದೆ. ಆಮೇಲೆ ‘ಮೇಲ್ ಫ್ರಮ್’ ಅಂದು ಒಂದು ವಿಳಾಸ ಕೊಡುತ್ತದೆ, ಆ ಕಡೆಯಿಂದ 250, ಸರಿ. ‘ಆರ್‌ಸಿಪಿಟಿ ಟು’ ಅಂದು ಇನ್ನೊಂದು ವಿಳಾಸ, ಮತ್ತೆ 250. ಇಲ್ಲಿಗೆ ಲಕೋಟೆ ಬರೆದಾಯಿತು. ಈಗ ‘ಡೇಟಾ’ ಅಂದರೆ ಆ ಕಡೆಯದು 354 ಅನ್ನುತ್ತದೆ, ‘ಕೊಡಿ, ಮುಗಿದಾಗ ಒಂದು ಸಾಲಿನಲ್ಲಿ ಬರೀ ಚುಕ್ಕಿ ಇಡಿ’ ಎಂದು. ಆಗ ಕಾಗದ ಹೋಗುತ್ತದೆ: ಫ್ರಮ್, ಟು, ಸಬ್ಜೆಕ್ಟ್, ಒಂದು ಖಾಲಿ ಸಾಲು, ಪತ್ರದ ಒಡಲು, ಚುಕ್ಕಿ.

ಫ್ರಮ್ ಎಷ್ಟು ಸಲ ಬಂತು? ಎರಡು ಸಲ. ‘ಮೇಲ್ ಫ್ರಮ್’ ಲಕೋಟೆಯದು, ಡೇಟಾದ ಒಳಗಿನ ‘ಫ್ರಮ್’ ಕಾಗದದ್ದು. ಎರಡೂ ಒಂದೇ ಆಗಿರಬೇಕು ಅಂತ ಯಾವ ನಿಯಮವೂ ಇಲ್ಲ. ಇದೊಂದು ಲೋಪ ಅಂತ ಕೆಲವರು ಬಯ್ಯುತ್ತಾರೆ, ನಾನು ಒಪ್ಪುವುದಿಲ್ಲ. ಗುಂಪು ಮೇಲ್ ಕಳುಹಿಸುವ ಯಂತ್ರವೊಂದು ಬೇರೆಯವರ ಪತ್ರವನ್ನು ಸಾವಿರ ಜನಕ್ಕೆ ಹಂಚುವಾಗ, ವಾಪಸ್ಸಾದವು ಪಾಪ ಬರೆದವರ ತಲೆಗೆ ಬೀಳದೆ ಯಂತ್ರಕ್ಕೇ ಬರಬೇಕಲ್ಲ. ಅದಕ್ಕೆ ಈ ಎರಡು ಹೆಸರು ಬೇಕೇ ಬೇಕು.

ಪತ್ರ ತಲುಪಬೇಕಾದಲ್ಲಿ ತಲುಪಿದ ಮೇಲೆ, ಕೊನೆಯ ಸರ್ವರ್ ಲಕೋಟೆಯ ಮೇಲಿದ್ದ ವಿಳಾಸವನ್ನು ತೆಗೆದು ‘ರಿಟರ್ನ್-ಪಾತ್’ ಅನ್ನುವ ಹೆಡರಾಗಿ ಪತ್ರದ ತಲೆಯ ಮೇಲೆ ಅಂಟಿಸುತ್ತದೆ. ನಿಮ್ಮ ಜಿಮೇಲಿನಲ್ಲಿ ಯಾವುದಾದರೂ ಪತ್ರ ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿ ನೋಡಿ, ಅಲ್ಲಿರುತ್ತದೆ. ಇದನ್ನು ನೋಡಿದವರು ಮಾಡುವ ತಪ್ಪೊಂದಿದೆ. ತಮ್ಮ ಸ್ಕ್ರಿಪ್ಟಿನ ಹೆಡರುಗಳ ಸಾಲಿಗೆ ‘ರಿಟರ್ನ್-ಪಾತ್’ ಅಂತ ತಾವೇ ಬರೆದು ಸೇರಿಸುತ್ತಾರೆ. ಅದು ಕಾಗದದ ಮೇಲೆ ಲಕೋಟೆಯ ಚಿತ್ರ ಬರೆದ ಹಾಗೆ. ಆ ಹೆಡರ್ ಬರೆಯುವ ಹಕ್ಕು ಕೊನೆಯ ಸರ್ವರಿನದು.

ಹಾಗಾದರೆ ಸ್ಕ್ರಿಪ್ಟಿನಿಂದ ಲಕೋಟೆಯ ಮೇಲೆ ಬರೆಯುವುದು ಹೇಗೆ? ಪಿಎಚ್‌ಪಿಯ ಮೇಲ್ ಫಂಕ್ಷನ್ ಯುನಿಕ್ಸ್ ಯಂತ್ರಗಳಲ್ಲಿ ತಾನೇ ಏನನ್ನೂ ಸಾಗಿಸುವುದಿಲ್ಲ, ಸೆಂಡ್‌ಮೇಲ್ ಅನ್ನುವ ಪ್ರೋಗ್ರಾಮನ್ನು ಕರೆದು ಪತ್ರವನ್ನು ಅದರ ಕೈಗೆ ಕೊಡುತ್ತದೆ. ನೀವು ಏನೂ ಹೇಳದಿದ್ದರೆ ಸೆಂಡ್‌ಮೇಲ್ ‘ನನ್ನನ್ನು ಕರೆದವನು ಯಾರು?’ ಅಂತ ನೋಡುತ್ತದೆ. ಕರೆದದ್ದು ವೆಬ್ ಸರ್ವರಿನ ಖಾತೆ. ಸರಿ, ಲಕೋಟೆಯ ಮೇಲೆ ಅದರ ಹೆಸರು, ಎಟ್ ಗುರುತು, ಯಂತ್ರದ ಹೆಸರು. ನನ್ನ ವಾಪಸ್ಸಾದ ಪತ್ರಗಳೆಲ್ಲ ಆ ಅನಾಥ ಪೆಟ್ಟಿಗೆಗೆ ಬಿದ್ದದ್ದು ಹೀಗೆ. ಕಾಗದದ ಮೇಲೆ ಗ್ರಾಹಕರ ವಿಳಾಸ, ಲಕೋಟೆಯ ಮೇಲೆ ಯಂತ್ರದ ಖಾತೆ, ಸಂಸ್ಥೆಯ ಹೆಸರು ಎಲ್ಲಿಯೂ ಇಲ್ಲ!

ಇದನ್ನು ಬದಲಿಸಲು ಮೇಲ್ ಫಂಕ್ಷನ್ನಿಗೆ ಐದನೆಯ ಆರ್ಗ್ಯುಮೆಂಟ್ ಇದೆ. ಮೊದಲನೆಯದು ಯಾರಿಗೆ, ಎರಡನೆಯದು ವಿಷಯ, ಮೂರನೆಯದು ಒಡಲು, ನಾಲ್ಕನೆಯದು ಹೆಚ್ಚುವರಿ ಹೆಡರುಗಳು. ನಾಲ್ಕಕ್ಕೇ ಎಲ್ಲರೂ ನಿಲ್ಲಿಸಿಬಿಡುತ್ತಾರೆ. ಐದನೆಯದರಲ್ಲಿ ಬರೆದದ್ದು ನೇರ ಸೆಂಡ್‌ಮೇಲಿನ ಕಮಾಂಡ್ ಸಾಲಿಗೆ ಹೋಗುತ್ತದೆ. ಅಲ್ಲಿ ಒಂದು ಅಡ್ಡಗೆರೆ, ಇಂಗ್ಲಿಷಿನ ಸಣ್ಣ ಎಫ್, ಅದಕ್ಕೆ ಅಂಟಿಕೊಂಡಂತೆ ವಿಳಾಸ ಬರೆದರೆ ಲಕೋಟೆಯ ಹೆಸರು ಬದಲಾಗುತ್ತದೆ. ಕೆಲವು ಯಂತ್ರಗಳಲ್ಲಿ ಹೀಗೆ ಮಾಡಿದಾಗ ‘ಎಕ್ಸ್-ಅಥೆಂಟಿಕೇಶನ್-ವಾರ್ನಿಂಗ್’ ಅನ್ನುವ ಹೆಡರ್ ಬಂದು ಕೂರುತ್ತದೆ, ಇಂಥ ಖಾತೆಯವನು ಬೇರೆ ಹೆಸರು ಹಾಕಿದ್ದಾನೆ ಅಂತ ಚಾಡಿ ಹೇಳುವ ಹಾಗೆ. ವೆಬ್ ಸರ್ವರಿನ ಖಾತೆಯನ್ನು ಸೆಂಡ್‌ಮೇಲಿನ ನಂಬಿಕಸ್ಥರ ಪಟ್ಟಿಗೆ ಸೇರಿಸಿದರೆ ಅದು ನಿಲ್ಲುತ್ತದೆ. ವಿಂಡೋಸಿನಲ್ಲಿ ದಾರಿ ಬೇರೆ. ಅಲ್ಲಿ ಪಿಎಚ್‌ಪಿ ತಾನೇ ಎಸ್‌ಎಂಟಿಪಿ (ಆಗಲೇ ಕೇಳಿದ ಸರ್ವರುಗಳ ಮಾತುಕತೆಯ ಭಾಷೆ) ಮಾತಾಡುತ್ತದೆ, ‘ಸೆಂಡ್‌ಮೇಲ್ ಫ್ರಮ್’ ಅನ್ನುವ ಸೆಟ್ಟಿಂಗ್ ಇದೆ. ಪೈಥಾನಿನವರ ಕೆಲಸ ಸುಲಭ. ಎಸ್‌ಎಂಟಿಪಿಲಿಬ್‌ನ ಸೆಂಡ್‌ಮೇಲ್ ಮೆಥಡ್ ಲಕೋಟೆಯ ವಿಳಾಸವನ್ನು ಮೊದಲ ಆರ್ಗ್ಯುಮೆಂಟಾಗಿ ಕೇಳಿಯೇ ಪಡೆಯುತ್ತದೆ, ಪತ್ರ ಬೇರೆ, ಲಕೋಟೆ ಬೇರೆ ಅನ್ನುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಈಗ ಮೊದಲ ಪ್ರಶ್ನೆ. ಪತ್ರಗಳನ್ನು ಯಾಕೆ ತೆಗೆದುಕೊಳ್ಳಲಿಲ್ಲ?

ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಬರೆಯಬಹುದು ಅಂದಮೇಲೆ ಮೋಸಗಾರರು ಸುಮ್ಮನಿರುತ್ತಾರೆಯೇ? ಅವರಿಗೆ ಬೇಲಿ ಹಾಕಲು ಒಂದರ ಮೇಲೊಂದು ಮೂರು ವ್ಯವಸ್ಥೆಗಳು ಬಂದವು. ಎಸ್‌ಪಿಎಫ್‌ನಲ್ಲಿ ಡೊಮೇನಿನ ಒಡೆಯರು ಡಿಎನ್‌ಎಸ್‌ನ, ಅಂದರೆ ಡೊಮೇನುಗಳ ಸಾರ್ವಜನಿಕ ವಿಳಾಸಪುಸ್ತಕದ, ತಮ್ಮ ದಾಖಲೆಯಲ್ಲಿ ‘ನಮ್ಮ ಹೆಸರಿನ ಮೇಲ್ ಈ ಈ ಯಂತ್ರಗಳಿಂದ ಮಾತ್ರ ಹೊರಡುತ್ತದೆ’ ಅಂತ ಬರೆದಿಡುತ್ತಾರೆ. ಡಿಕಿಮ್‌ನಲ್ಲಿ ಕಳುಹಿಸುವ ಸರ್ವರ್ ಪತ್ರಕ್ಕೆ ಗುಪ್ತ ಕೀಲಿಯಿಂದ ಸಹಿ ಹಾಕುತ್ತದೆ, ಅದನ್ನು ಪರೀಕ್ಷಿಸುವ ಬಹಿರಂಗ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. ಇಷ್ಟು ಎಲ್ಲ ಕಡೆ ಓದಲು ಸಿಗುತ್ತದೆ. ಹೆಚ್ಚಿನವರ ಕಣ್ಣು ತಪ್ಪುವುದು ಎಸ್‌ಪಿಎಫ್ ಯಾವ ಫ್ರಮ್ ನೋಡುತ್ತದೆ ಅನ್ನುವಲ್ಲಿ. ಅದು ನೋಡುವುದು ಲಕೋಟೆಯನ್ನು. ಓದುಗನ ಕಣ್ಣಿಗೆ ಬೀಳುವ ಕಾಗದದ ಫ್ರಮ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಡಿಕಿಮ್ ಇನ್ನೂ ವಿಚಿತ್ರ, ಸಹಿ ಹಾಕಿದ ಡೊಮೇನ್ ಯಾವುದೂ ಆಗಿರಬಹುದು. ಅಂದರೆ ಕಳ್ಳನೊಬ್ಬ ತನ್ನದೇ ಡೊಮೇನನ್ನು ಲಕೋಟೆಯ ಮೇಲೆ ಬರೆದು, ತನ್ನದೇ ಡೊಮೇನಿನ ಸಹಿ ಹಾಕಿ, ಕಾಗದದ ಮೇಲೆ ಮಾತ್ರ ನಿಮ್ಮ ಬ್ಯಾಂಕಿನ ಹೆಸರು ಬರೆದರೆ ಎರಡೂ ಪರೀಕ್ಷೆಯಲ್ಲಿ ಪಾಸು.

ಆ ಸಂದನ್ನು ಮುಚ್ಚಿದ್ದು ಡಿಮಾರ್ಕ್. 2015ರ ಮಾರ್ಚಿನಲ್ಲಿ ಆರ್‌ಎಫ್‌ಸಿ 7489 ಆಗಿ ಹೊರಬಂತು, ಬಳಕೆ ಅದಕ್ಕೂ ಮೊದಲೇ ಇತ್ತು. ಎಸ್‌ಪಿಎಫ್ ಇಲ್ಲವೇ ಡಿಕಿಮ್, ಒಂದಾದರೂ ಪಾಸಾಗಬೇಕು, ಪಾಸಾದ ಆ ಡೊಮೇನ್ ಕಾಗದದ ಫ್ರಮ್‌ನ ಡೊಮೇನಿನೊಂದಿಗೆ ಹೊಂದಬೇಕು ಎಂಬುದು ಅದರ ನಿಯಮ. ಹೊಂದದಿದ್ದರೆ ಏನು ಮಾಡಬೇಕು ಅನ್ನುವುದನ್ನು ಡೊಮೇನಿನ ಒಡೆಯರೇ ಹೇಳುತ್ತಾರೆ. ‘ನನ್’ ಅಂದರೆ ಸುಮ್ಮನೆ ವರದಿ ಕೊಡಿ, ‘ಕ್ವಾರಂಟೈನ್’ ಅಂದರೆ ಅನುಮಾನದಿಂದ ನೋಡಿ, ‘ರಿಜೆಕ್ಟ್’ ಅಂದರೆ ಬಾಗಿಲಲ್ಲೇ ತಡೆಯಿರಿ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡೊಮೇನಿಗೆ ‘ರಿಜೆಕ್ಟ್’ ಅಂತ ಬರೆಯಿತು, ಅದೇ ತಿಂಗಳು ಎಒಎಲ್ ಹಿಂಬಾಲಿಸಿತು. ಗುಂಪು ಮೇಲ್ ನಡೆಸುತ್ತಿದ್ದವರ ಪಾಡು ಆಗ ಹೇಳತೀರದು.

ನನ್ನ ಫಾರ್ಮಿಗೆ ಬನ್ನಿ. ಗ್ರಾಹಕರ ವಿಳಾಸ ಯಾವುದೋ ಮೇಲ್ ಸೇವೆಯದು, ಅದನ್ನು ನಾನು ಕಾಗದದ ಮೇಲೆ ಬರೆದೆ. ಆ ಸೇವೆಯ ದಾಖಲೆಯಲ್ಲಿ ನನ್ನ ವೆಬ್ ಸರ್ವರ್ ಇರಲು ಸಾಧ್ಯವೇ? ಆ ಸೇವೆಯ ಗುಪ್ತ ಕೀಲಿ ನನ್ನ ಬಳಿ ಇರುತ್ತದೆಯೇ? ಎರಡೂ ಇಲ್ಲ. ಡೊಮೇನಿನ ಒಡೆಯರ ಕಣ್ಣಲ್ಲಿ ನಾನೂ ಆ ಕಳ್ಳನೂ ಒಂದೇ. ನನ್ನ ಉದ್ದೇಶ ಒಳ್ಳೆಯದಿತ್ತು ಅನ್ನುವುದಕ್ಕೆ ಡಿಎನ್‌ಎಸ್‌ನಲ್ಲಿ ಜಾಗವಿಲ್ಲ. ನನ್ನ ವಿಳಾಸ ಹಾಕಿ ಪರೀಕ್ಷಿಸಿದಾಗ ಬಂದದ್ದು ಯಾಕೆಂದರೆ, ನನ್ನ ಡೊಮೇನಿಗೆ ಆಗ ಡಿಮಾರ್ಕ್ ದಾಖಲೆಯೇ ಇರಲಿಲ್ಲ.

ಹಾಗಾಗಿ ಕಾಗದದ ಫ್ರಮ್‌ನಲ್ಲಿ ವೆಬ್‌ಸೈಟಿನ ಸ್ವಂತ ಡೊಮೇನಿನ ವಿಳಾಸ ಇರಬೇಕು, ಲಕೋಟೆಯ ಮೇಲೂ ಅದೇ ಡೊಮೇನಿನದು. ಫಾರ್ಮ್ ತುಂಬಿದವರ ವಿಳಾಸಕ್ಕೆ ‘ರಿಪ್ಲೈ-ಟು’ ಅನ್ನುವ ಹೆಡರ್ ಇದೆ. ಓದುವವರು ರಿಪ್ಲೈ ಒತ್ತಿದರೆ ಉತ್ತರ ಅಲ್ಲಿಗೇ ಹೋಗುತ್ತದೆ, ಡಿಮಾರ್ಕ್ ಅದನ್ನು ನೋಡುವುದಿಲ್ಲ. ಪತ್ರ ಕಳುಹಿಸುತ್ತಿರುವುದು ನಿಜಕ್ಕೂ ವೆಬ್‌ಸೈಟೇ ತಾನೆ? ಗ್ರಾಹಕರು ಹೇಳಿದ್ದನ್ನು ಅದು ಬರೆದುಕೊಂಡು ತಂದು ಕೊಡುತ್ತಿದೆ, ಅಷ್ಟೇ.

ಇಲ್ಲಿಗೆ ಬರುವಾಗ ಸಭೆಯಲ್ಲಿ ಒಬ್ಬರು ಕೇಳಿದರು: “ಇನ್‌ಬಾಕ್ಸಿನ ಪಟ್ಟಿಯಲ್ಲಿ ಎಲ್ಲ ಪತ್ರಕ್ಕೂ ವೆಬ್‌ಸೈಟಿನ ಹೆಸರೇ ಕಂಡರೆ ನಮ್ಮ ಯಜಮಾನರು ಒಪ್ಪುವುದಿಲ್ಲ. ಯಾರು ಬರೆದದ್ದು ಅಂತ ತೆರೆಯದೆಯೇ ಗೊತ್ತಾಗಬೇಕಂತೆ.” ನ್ಯಾಯವಾದ ಬೇಡಿಕೆ. ಫ್ರಮ್ ಹೆಡರಿನಲ್ಲಿ ವಿಳಾಸದ ಮುಂದೆ ತೋರುವ ಹೆಸರೊಂದಿರುತ್ತದೆ. ಅಲ್ಲಿ ‘ಕ್ಷಮಾ, ವೆಬ್‌ಸೈಟ್ ಮೂಲಕ’ ಅಂತ ಬರೆಯಿರಿ, ಕೋನಾವರಣದ (< > ಚಿಹ್ನೆಗಳ) ಒಳಗಿನ ವಿಳಾಸ ಮಾತ್ರ ನಿಮ್ಮದೇ ಇರಲಿ.

ಹೆಸರು ಕನ್ನಡದಲ್ಲಿದ್ದರೆ ಇನ್ನೊಂದು ಕೆಲಸವಿದೆ. ಹಳೆಯ ನಿಯಮದ ಪ್ರಕಾರ ಹೆಡರುಗಳಲ್ಲಿ ಆಸ್ಕಿ ಅಕ್ಷರಗಳಷ್ಟೇ, ಅಂದರೆ ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ಇರಬೇಕು. ಕನ್ನಡವನ್ನು ಹಾಗೇ ತುರುಕಿದರೆ ಕೆಲವು ಕಡೆ ಸರಿ ಕಾಣುತ್ತದೆ, ಕೆಲವು ಕಡೆ ಕಸ. ಅದನ್ನು ಆರ್‌ಎಫ್‌ಸಿ 2047ರಂತೆ ಸುತ್ತಬೇಕು: ಈಕ್ವಲ್, ಪ್ರಶ್ನಾರ್ಥಕ, ಯುಟಿಎಫ್-8, ಪ್ರಶ್ನಾರ್ಥಕ, ಬಿ, ಪ್ರಶ್ನಾರ್ಥಕ, ಬೇಸ್64ಕ್ಕೆ ತಿರುಗಿಸಿದ ಹೆಸರು, ಕೊನೆಗೆ ಮತ್ತೆ ಪ್ರಶ್ನಾರ್ಥಕ, ಈಕ್ವಲ್. ಒಂದು ಸುತ್ತಿನ ಉದ್ದ 75 ಅಕ್ಷರ ದಾಟುವಂತಿಲ್ಲ. ‘ಕ್ಷಮಾ’ ನಮಗೆ ಎರಡಕ್ಷರ. ಕಂಪ್ಯೂಟರಿಗೆ ಕ, ವಿರಾಮ, ಷ, ಮ, ದೀರ್ಘದ ಚಿಹ್ನೆ ಸೇರಿ ಐದು, ಒಂದಕ್ಕೆ ಮೂರು ಬೈಟಿನಂತೆ 15 ಬೈಟು. ಸುತ್ತುವ ಚಿಹ್ನೆಗಳಿಗೇ 12 ಹೋದರೆ, ಬೇಸ್64 ಮೂರು ಬೈಟನ್ನು ನಾಲ್ಕು ಆಸ್ಕಿ ಅಕ್ಷರ ಮಾಡುವುದರಿಂದ, ಒಂದು ಸುತ್ತಿನಲ್ಲಿ ಹಿಡಿಯುವುದು 45 ಬೈಟು, ಅಂದರೆ ಇಂಥ ಮೂರು ಕ್ಷಮಾ. ಉದ್ದದ ಹೆಸರನ್ನು ತುಂಡು ಮಾಡಲೇಬೇಕು, ಅದೂ ಒಂದು ಅಕ್ಷರದ ಮೂರು ಬೈಟುಗಳ ನಡುವೆ ಕತ್ತರಿ ಬೀಳದ ಹಾಗೆ. ಕೈಯಾರೆ ಮಾಡಹೋಗಬೇಡಿ. ಪಿಎಚ್‌ಪಿಮೇಲರ್‌ನಂಥ ಲೈಬ್ರರಿ ಇದನ್ನು ಮಾಡಿಕೊಡುತ್ತದೆ, ಅದರ ಕ್ಯಾರ್‌ಸೆಟ್ ಅನ್ನು ಯುಟಿಎಫ್-8 ಅಂತ ನೀವು ಹೇಳಬೇಕು, ಅದು ತಾನಾಗಿ ಹಾಗಿರುವುದಿಲ್ಲ. ಅದರ ಸೆಟ್‌ಫ್ರಮ್ ಮೆಥಡ್ ಕಾಗದದ ಜೊತೆಗೆ ಲಕೋಟೆಗೂ ಅದೇ ವಿಳಾಸ ಬರೆಯುತ್ತದೆ, ಇದು ನನಗೆ ಇಷ್ಟವಾದ ಗುಣ.

ಇನ್ನು ಫಾರ್ಮಿನಿಂದ ಬಂದದ್ದನ್ನು ಹೆಡರಿನ ಹತ್ತಿರ ಬಿಡುವಾಗ ಎಚ್ಚರ. ಹೆಡರುಗಳನ್ನು ಬೇರ್ಪಡಿಸುವುದು ಹೊಸ ಸಾಲು. ಇಮೇಲಿನ ಚೌಕಕ್ಕೆ ಯಾರಾದರೂ ವಿಳಾಸ, ಹೊಸ ಸಾಲು, ‘ಬಿಸಿಸಿ’, ನೂರು ವಿಳಾಸ ತುಂಬಿ ಕಳುಹಿಸಿದರೆ ನಿಮ್ಮ ಫಾರ್ಮ್ ಅವರ ಸ್ಪ್ಯಾಮ್ ಯಂತ್ರ. ರಿಪ್ಲೈ-ಟು ಕೂಡ ಹೆಡರೇ, ಅಲ್ಲೂ ಇದೇ ಅಪಾಯ. ಹೊಸ ಸಾಲು ಕಂಡರೆ ತಿರಸ್ಕರಿಸಿ, ತೊಳೆದು ಬಳಸುವ ಉಪಕಾರ ಬೇಡ.

ಐದನೆಯ ಆರ್ಗ್ಯುಮೆಂಟಿಗಂತೂ ಹೊರಗಿನವರು ತುಂಬಿದ್ದು ಹೋಗಲೇಬಾರದು. 2016ರ ಡಿಸೆಂಬರಿನಲ್ಲಿ ಅದೇ ಪಿಎಚ್‌ಪಿಮೇಲರ್‌ನಲ್ಲಿ ಸಿಕ್ಕ ತೂತು ಇದಕ್ಕೆ ಪಾಠ. ಎಟ್ ಗುರುತಿನ ಎಡಗಡೆಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅಲ್ಲಿ ಖಾಲಿ ಜಾಗವೂ ಇರಬಹುದು ಅನ್ನುತ್ತದೆ ವಿಳಾಸದ ನಿಯಮ. ಹಾಗೆ ಕಟ್ಟಿದ ವಿಳಾಸ ಪರೀಕ್ಷೆಯಲ್ಲಿ ಪಾಸಾಗಿ, ಕಮಾಂಡ್ ಸಾಲಿನಲ್ಲಿ ಮಾತ್ರ ಒಡೆದು ಹಲವು ತುಂಡಾಗುತ್ತಿತ್ತು. ಅದರಲ್ಲೊಂದು ತುಂಡು ಸೆಂಡ್‌ಮೇಲಿಗೆ ‘ನಡೆದದ್ದನ್ನೆಲ್ಲ ಇಂಥ ಫೈಲಿಗೆ ಬರೆ’ ಅನ್ನುವ ಆಜ್ಞೆ. ಆ ಫೈಲ್ ವೆಬ್ ಫೋಲ್ಡರಿನಲ್ಲಿ, ಹೆಸರಿನ ಕೊನೆಗೆ ಪಿಎಚ್‌ಪಿ, ಪತ್ರದ ಒಡಲಲ್ಲಿ ಕೋಡು. ಮುಂದಿನದು ನೀವೇ ಊಹಿಸಿ. 5.2.18ರಲ್ಲಿ ಹೊಲಿದ ತೇಪೆ ಸಾಲದೆ, ಕೆಲವೇ ದಿನಗಳಲ್ಲಿ 5.2.20 ಬಂತು. ಫ್ರಮ್‌ನಲ್ಲಿ ಗ್ರಾಹಕರ ವಿಳಾಸ ಹಾಕುವ ಚಟ ಇಲ್ಲದವರ ಸೈಟುಗಳಿಗೆ ಈ ದಾರಿ ತೆರೆದಿರಲೇ ಇಲ್ಲ.

ಸ್ವಂತ ಡೊಮೇನ್ ಹಾಕಿದೆವು, ಆದರೂ ಹೋಗುತ್ತಿಲ್ಲ ಅಂತ ಬರುವವರಿದ್ದಾರೆ. ಅವರ ವೆಬ್‌ಸೈಟ್ ಒಂದು ಕಡೆ, ಮೇಲ್ ಇನ್ನೊಂದು ಕಡೆ ಇರುತ್ತದೆ, ಎಸ್‌ಪಿಎಫ್ ದಾಖಲೆಯಲ್ಲಿ ಮೇಲ್ ಕಂಪನಿಯ ಯಂತ್ರಗಳಷ್ಟೇ. ವೆಬ್ ಸರ್ವರಿನ ಐಪಿಯನ್ನೂ ಸೇರಿಸಿ. ಇಲ್ಲವೇ ಮೇಲ್ ಫಂಕ್ಷನ್ನನ್ನೇ ಬಿಟ್ಟು, ಪೋರ್ಟ್ 587ರಲ್ಲಿ ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ನಿಮ್ಮ ಮೇಲ್ ಕಂಪನಿಯ ಮೂಲಕವೇ ಕಳುಹಿಸಿ. ನನ್ನ ಒಲವು ಎರಡನೆಯದಕ್ಕೆ. ಜಿಮೇಲಿನ ಸರ್ವರ್ ಮೂಲಕ ಕಳುಹಿಸುವವರು ಒಂದು ನೆನಪಿಡಿ: ನೀವು ಲಾಗಿನ್ ಆದ ಖಾತೆಯದಲ್ಲದ, ಮೊದಲೇ ದೃಢಪಡಿಸಿರದ ವಿಳಾಸವನ್ನು ಫ್ರಮ್‌ನಲ್ಲಿ ಬರೆದರೆ, ಅದು ಸದ್ದಿಲ್ಲದೆ ಖಾತೆಯ ವಿಳಾಸಕ್ಕೆ ತಿದ್ದಿಬಿಡುತ್ತದೆ. ‘ಕೋಡಲ್ಲಿ ಸರಿ ಇದೆ, ಬಂದದ್ದು ಬೇರೆ’ ಅನ್ನುವ ದೂರುಗಳಲ್ಲಿ ಎಷ್ಟೋ ಇದೇ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ನಿಯಮ ಬಿಗಿ ಮಾಡಿವೆ. ಜಿಮೇಲಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. ಸಣ್ಣವರಿಗೂ ಮೊದಲೆರಡರಲ್ಲಿ ಒಂದು ಬೇಕೇ ಬೇಕು.

ಲಕೋಟೆಯ ವಿಳಾಸ ಯಾರಾದರೂ ಓದುವ ಪೆಟ್ಟಿಗೆಯದಾಗಿರಲಿ. ‘ನೋ-ರಿಪ್ಲೈ’ ಅಂತ ಬರೆದು ಆ ಪೆಟ್ಟಿಗೆಯನ್ನು ಹುಟ್ಟಿಸದೇ ಬಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮಾತಾಡಿ ಬಾಗಿಲು ಹಾಕಿಕೊಂಡ ಹಾಗೆ ಅದು. ವಾಪಸ್ಸಾದ ಪತ್ರಗಳು ಲಕೋಟೆಯಲ್ಲಿ ಯಾವ ಹೆಸರೂ ಇಲ್ಲದೆ, ಖಾಲಿ ಕೋನಾವರಣದೊಂದಿಗೆ ಬರುತ್ತವೆ. ಎರಡು ಯಂತ್ರಗಳು ಒಂದಕ್ಕೊಂದು ವಾಪಸ್ ಕಳುಹಿಸುತ್ತಾ ಕೂರಬಾರದು ಅಂತ ಮಾಡಿದ ಏರ್ಪಾಡು ಅದು. ನಿಮ್ಮ ಸ್ಕ್ರಿಪ್ಟ್ ತಾನಾಗಿ ಉತ್ತರ ಕಳುಹಿಸುವಂಥದ್ದಾದರೆ, ಅಂಥ ಖಾಲಿ ಲಕೋಟೆಗೆ ಉತ್ತರ ಕೊಡಲೇಬಾರದು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದ್ದು: “ಆ ಪೆಟ್ಟಿಗೆಯಲ್ಲಿದ್ದ ಪತ್ರಗಳು ಏನಾದವು?” ವಾಪಸ್ಸಾದ ಪತ್ರದೊಳಗೆ ಸಾಮಾನ್ಯವಾಗಿ ಮೂಲ ಪತ್ರವೂ ಇರುತ್ತದೆ. ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಎಲ್ಲವನ್ನೂ ಹೊರತೆಗೆದೆ, ದಿನಾಂಕದ ಪ್ರಕಾರ ಜೋಡಿಸಿ ಸಂಸ್ಥೆಯವರಿಗೆ ಕಳುಹಿಸಿದೆ, ಈ ಸಲ ಫ್ರಮ್‌ನಲ್ಲಿ ನನ್ನದೇ ವಿಳಾಸ ಹಾಕಿ. ಮೂರು ಸಲ ಬರೆದವರ ಮೂರೂ ಪತ್ರಗಳು ಅದರಲ್ಲಿದ್ದವು. ಮೊದಲನೆಯದರಲ್ಲಿ ಒಂದು ಪ್ರಶ್ನೆ, ಎರಡನೆಯದರಲ್ಲಿ ಅದೇ ಪ್ರಶ್ನೆ ‘ದಯವಿಟ್ಟು’ ಸೇರಿಸಿ, ಮೂರನೆಯದರಲ್ಲಿ ‘ದಯವಿಟ್ಟು’ ಇರಲಿಲ್ಲ.